ತಂಪಾದ, ಒಣ ಜಾಗದಲ್ಲಿ ಇಡಿ

ಮೊನ್ನೆ ಹೊಸ ಸೂಜಿಗಳನ್ನು ತರಿಸಿದೆ. ಅಂಗೈ ಅಗಲದ ರಟ್ಟಿನ ಪೆಟ್ಟಿಗೆ, ಬೆಂಕಿಪೊಟ್ಟಣದ ಹಾಗೆ ಒಳಗಿನದನ್ನು ತಳ್ಳಿ ತೆಗೆಯುವಂಥದ್ದು. ಮೇಲೆ ಒಂದು ನೀಲಿ ಹಕ್ಕಿ, ಅದರ ಕೊಕ್ಕಿನಲ್ಲಿ ದಾರ. ಆ ದಾರದ ಚಿತ್ರ ಒಂದು ಕಾಗದದ ಪಟ್ಟಿಯ ಮೇಲೆ ಪೆಟ್ಟಿಗೆಯನ್ನು ಪೂರ್ತಿ ಸುತ್ತಿ, ಹಿಂದಿನ ಬದಿಯಲ್ಲಿ ಬರೆದ ಒಂದು ಗುಂಡಿಯ ಕಣ್ಣಿನೊಳಗೆ ಹೋಗುತ್ತದೆ. ಪೆಟ್ಟಿಗೆ ತೆರೆಯಬೇಕಾದರೆ ಆ ಪಟ್ಟಿ ಹರಿಯಬೇಕು. ನಾನು ಅದನ್ನು ಮೇಜಿನ ಮೇಲೆ ನಿಲ್ಲಿಸಿ ಕನ್ನಡಕ ಹಾಕಿಕೊಂಡು ನೋಡಿದೆ, ಕನ್ನಡಕ ತೆಗೆದು ದೂರದಿಂದ ನೋಡಿದೆ, ಕೊನೆಗೆ ಗಾಜಿನ ಕಪಾಟಿನಲ್ಲಿ ಇಟ್ಟೆ. ಸಂಜೆ ನಮ್ಮ ಮನೆಯವರ ಅಂಗಿಗೆ ಗುಂಡಿ ಹಚ್ಚಲು ಪಕ್ಕದ ಫ್ಲ್ಯಾಟಿನಿಂದ ಸೂಜಿ ಕೇಳಿ ತಂದೆ.

"ಸೂಜಿ ಬಂದಾವು ಅಂದಿದ್ದಿ?" ಎಂದರು ಅವರು.

"ಬಂದಾವು. ಇನ್ನಾ ಬಿಚ್ಚಿಲ್ಲ."

ಮೂವತ್ತೈದು ವರ್ಷ ನನ್ನ ಜೊತೆ ಸಂಸಾರ ಮಾಡಿದ ಮನುಷ್ಯ. ಮುಂದೆ ಏನೂ ಕೇಳಲಿಲ್ಲ.

ನೀವು ನಗುವ ಮೊದಲು ನಿಮ್ಮ ಮನೆಯ ಸಜ್ಜಾದ ಮೇಲೆ ಒಮ್ಮೆ ಕಣ್ಣಾಡಿಸಿ ಬನ್ನಿ. ಫೋನು ಸತ್ತು ನಾಲ್ಕು ವರ್ಷವಾಗಿದ್ದರೂ ಅದರ ಪೆಟ್ಟಿಗೆ ಅಲ್ಲಿ ಇದೆಯೋ ಇಲ್ಲವೋ? ಯಾರದೋ ಮದುವೆಯ ಮಿಠಾಯಿ ಬಂದ ಡಬ್ಬಿ, ಮೇಲೆ ಬಂಗಾರದ ಬಣ್ಣದ ಜಾಲರಿ ಇರುವುದು, ಅದೂ ಇರುತ್ತದೆ. ಅದರೊಳಗೆ ಅದಕ್ಕಿಂತ ಸಣ್ಣದೊಂದು ಡಬ್ಬಿ ಇರುತ್ತದೆ. ಕೂಕಟ್‌ಪಲ್ಲಿಯ ನಮ್ಮ ಫ್ಲ್ಯಾಟಿನಲ್ಲಿ ಎರಡು ಮಲಗುವ ಕೋಣೆಗಳಿವೆ. ಒಂದರಲ್ಲಿ ನಾವು ಮಲಗುತ್ತೇವೆ, ಇನ್ನೊಂದರಲ್ಲಿ ಡಬ್ಬಿಗಳು ಮಲಗುತ್ತವೆ. ನೆಂಟರು ಬಂದಾಗ ಡಬ್ಬಿಗಳ ಕೋಣೆಯಲ್ಲಿ ಸ್ವಲ್ಪ ಜಾಗ ಮಾಡಿಕೊಡುತ್ತೇವೆ.

ಇದು ನನಗೆ ಅವ್ವನಿಂದ ಬಂದದ್ದು. ಸಕ್ಕರೆ ಕಾಯಿಲೆಯೂ ಅವಳಿಂದಲೇ ಬಂದಿತು, ಆದರೆ ಅದಕ್ಕೆ ಮಾತ್ರೆ ಇದೆ.

ಅಪ್ಪ ಹುಮನಾಬಾದಿನ ಕಡೆಯವರು. ಸರ್ಕಾರಿ ನೌಕರಿ ಸಿಕ್ಕು ಹೈದರಾಬಾದಿಗೆ ಬಂದು, ಕೋಠಿಯ ಹಿಂದಿನ ಗಲ್ಲಿಯೊಂದರಲ್ಲಿ ಎರಡು ಕೋಣೆಯ ಪೋರ್ಷನ್ ಬಾಡಿಗೆಗೆ ಹಿಡಿದಿದ್ದರು. ನಾನು ಮತ್ತು ನನಗಿಂತ ನಾಲ್ಕು ವರ್ಷ ಚಿಕ್ಕವಳಾದ ತಂಗಿ ವಿಮಲಾ ಬೆಳೆದದ್ದು ಅಲ್ಲಿಯೇ. ಗಲ್ಲಿಯಲ್ಲಿ ಹಿಂದಿ, ಶಾಲೆಯಲ್ಲಿ ತೆಲುಗು, ಹೊಸ್ತಿಲು ದಾಟಿ ಒಳಗೆ ಬಂದರೆ ನಮ್ಮ ಮಾತು. ತಿಂಗಳ ಮೊದಲಿಗೆ ಅಪ್ಪ ಸಾಮಾನು ತಂದಾಗ ಅವ್ವ ಅಕ್ಕಿ ಬೇಳೆಯ ಕಡೆ ನೋಡುತ್ತಿರಲಿಲ್ಲ. ಮೊದಲು ಸಾಬೂನು ಎತ್ತಿಕೊಳ್ಳುತ್ತಿದ್ದಳು. ಅದರ ಹೊದಿಕೆಯ ಅಂಟಿನ ಕೆಳಗೆ ತಲೆಯ ಪಿನ್ನು ತೂರಿಸಿ, ಉಸಿರು ಬಿಗಿ ಹಿಡಿದು, ಕಾಗದದ ಒಂದು ಎಳೆಯೂ ಏಳದಂತೆ ಬಿಚ್ಚುತ್ತಿದ್ದಳು. ನಾವಿಬ್ಬರೂ ಎದುರಿಗೆ ಕುಕ್ಕರಗಾಲಿನಲ್ಲಿ ಕೂತು ನೋಡಬೇಕು, ಮುಟ್ಟುವ ಹಾಗಿಲ್ಲ. "ಹರೀಬ್ಯಾಡ್ರಿ" ಎಂಬ ಮಾತನ್ನು ನಾವು ಆ ಮನೆಯಲ್ಲಿ "ಉಣ್ಣಾಕ ಬರ್ರಿ" ಎಂಬುದಕ್ಕಿಂತ ಹೆಚ್ಚು ಸಲ ಕೇಳಿದ್ದೇವೆ. ಬಿಚ್ಚಿದ ಕಾಗದ ಸೀರೆಗಳಿಗೆ ಪರಿಮಳ ಹತ್ತಲೆಂದು ಟ್ರಂಕಿನ ತಳಕ್ಕೆ ಹೋಗುತ್ತಿತ್ತು. ಸಾಬೂನು ಬಚ್ಚಲಿಗೆ ಹೋಗುತ್ತಿತ್ತು, ಅದರ ಬಗ್ಗೆ ಅವ್ವನಿಗೆ ಆಮೇಲೆ ಆಸಕ್ತಿ ಇರುತ್ತಿರಲಿಲ್ಲ.

ನನ್ನ ಮದುವೆಯಲ್ಲಿ ಬಂದ ಉಡುಗೊರೆಗಳನ್ನು ಬಿಚ್ಚಲು ನಾನು ಹದಿನೈದು ದಿನ ತೆಗೆದುಕೊಂಡೆ. ಅತ್ತೆಯ ಮನೆಯವರು ಇದನ್ನು ನಾಚಿಕೆ ಎಂದು ತಿಳಿದು ಸಂತೋಷಪಟ್ಟರು.

ದಾರದ ಡಬ್ಬಿಯದು ಇನ್ನೂ ದೊಡ್ಡ ಕಥೆ. ಕೋಠಿಯಲ್ಲಿ ಬಸ್ಸು ತಿರುಗುವ ಕಡೆ ಲೇಸು, ಲಾಡಿ, ಗುಂಡಿ, ದಾರ ಮಾರುವ ಒಂದು ಅಂಗಡಿಯಿತ್ತು. ಅಂಗಡಿಯವರು ಒಳಗಿದ್ದರೆ ಗಿರಾಕಿ ರಸ್ತೆಯಲ್ಲಿ ನಿಲ್ಲಬೇಕು, ಅಷ್ಟು ಅಗಲ. ಅಲ್ಲಿಗೆ ದಾರದ ರೀಲುಗಳು ಒಂದು ಚಪ್ಪಟೆ ಡಬ್ಬಿಯಲ್ಲಿ ಬರುತ್ತಿದ್ದವು. ಮುಚ್ಚಳದ ಮೇಲೆ ನವಿಲು, ನವಿಲಿನ ಗರಿಗಳಲ್ಲಿ ಒಳಗೆ ಇರುವ ಅಷ್ಟೂ ಬಣ್ಣ. ಅವ್ವನಿಗೆ ಡಬ್ಬಿ ಬೇಕಾಯಿತು. ರೀಲು ಎಲ್ಲಾ ಖಾಲಿಯಾದ ಮೇಲೆ ಒಯ್ಯಿರಿ ಎಂದರು ಅಂಗಡಿಯವರು. ಬಿಳಿ ಹೋಯಿತು, ಕಪ್ಪು ಹೋಯಿತು, ಕೆಂಪು ಹಸಿರು ಎಲ್ಲ ಹೋದವು. ನೇರಳೆ ಬಣ್ಣದ ಎಂಟು ರೀಲು ಮಾತ್ರ ಉಳಿದು ಕೂತವು. ಯಾರೂ ಕೇಳಲಿಲ್ಲ. ಅವ್ವ ಎರಡು ತಿಂಗಳು ಪ್ರತಿ ವಾರ ನಮ್ಮಿಬ್ಬರನ್ನೂ ಕೈಹಿಡಿದುಕೊಂಡು ಹೋಗಿ ಒಂದೊಂದು ನೇರಳೆ ರೀಲು ಕೊಂಡಳು. ಎಂಟನೆಯ ವಾರ ಡಬ್ಬಿ ನಮ್ಮದಾಯಿತು.

ಆಮೇಲೆ ಹಲವು ವರ್ಷ ನಮ್ಮ ಮನೆಯಲ್ಲಿ ಹರಿದದ್ದನ್ನೆಲ್ಲ ನೇರಳೆ ದಾರದಲ್ಲೇ ಹೊಲಿದದ್ದು. ಅಪ್ಪ ಬಿಳಿ ಅಂಗಿಯ ಗುಂಡಿಗಳನ್ನು ನೇರಳೆ ದಾರದಲ್ಲಿ ಹಚ್ಚಿಸಿಕೊಂಡು ಕಚೇರಿಗೆ ಹೋಗಿ ಬರುತ್ತಿದ್ದರು, ಅದರ ಬಗ್ಗೆ ಅವರು ಒಮ್ಮೆಯೂ ಮಾತಾಡಿದ್ದು ನೆನಪಿಲ್ಲ. ನನ್ನ ಮತ್ತು ವಿಮಲಾಳ ಮುಖದಲ್ಲಿ ಹೋಲಿಕೆ ಕಡಿಮೆ. ಶಾಲೆಯಲ್ಲಿ ಟೀಚರುಗಳು ನಮ್ಮನ್ನು ಅಕ್ಕತಂಗಿಯರೆಂದು ಗುರುತಿಸುತ್ತಿದ್ದದ್ದು ಲಂಗದ ಅಂಚು ನೋಡಿ.

ಆದರೆ ನೇರಳೆ ದಾರ ನಿಜವಾಗಿ ಒಪ್ಪಿದ್ದು ಕೌದಿಗೆ. ಕೌದಿ ಹೊದ್ದು ಮಲಗಿ ಗೊತ್ತಿಲ್ಲದವರಿಗೆ ಹೇಳುತ್ತೇನೆ. ಹಳೆಯ ಸೀರೆ, ಧೋತರಗಳನ್ನು ಪದರ ಪದರವಾಗಿ ಹಾಸಿ, ಮೇಲೆ ಬಣ್ಣಬಣ್ಣದ ತುಂಡುಗಳನ್ನು ಕೂಡಿಸಿ, ಅಂಚಿನಿಂದ ಶುರು ಮಾಡಿ ಒಳಗೆ ಒಳಗೆ ಸುತ್ತುತ್ತ ಸಣ್ಣ ಹೊಲಿಗೆ ಹಾಕಿಕೊಂಡು ಹೋಗಬೇಕು. ಅವ್ವ ಕೌದಿ ಮುಗಿಸುವಾಗ ಒಂದು ಮೂಲೆಯಲ್ಲಿ ಎರಡು ಬೆರಳು ಹೋಗುವಷ್ಟು ಬಾಯಿ ಬಿಟ್ಟಿರುತ್ತಿದ್ದಳು. ಅದರೊಳಗೆ ನಾಲ್ಕು ಜೋಳದ ಕಾಳು, ಉಗುರಿನಷ್ಟು ಬೆಲ್ಲ ಹಾಕಿ ಬಾಯಿ ಹೊಲಿಯುತ್ತಿದ್ದಳು. ಇದಕ್ಕೆ ಕೌದಿಯ ಹೊಟ್ಟೆ ತುಂಬಿಸುವುದು ಎಂದು ಹೆಸರು. ಹಸಿದ ಕೌದಿಯನ್ನು ಯಾರಿಗೂ ಕೊಡಬಾರದು, ಕೊಟ್ಟರೆ ಹೊದ್ದ ಕೂಸು ನಿದ್ದೆ ಮಾಡುವುದಿಲ್ಲ ಎಂದು ಅವ್ವ ನಂಬಿದ್ದಳು. ಹೊಟ್ಟೆ ತುಂಬಿದ ಕೌದಿ ಅದೇ ದಿನ ಹಾಸಿಗೆಗೆ ಬರುತ್ತಿತ್ತು, ವಾರಕ್ಕೊಮ್ಮೆ ಬಿಸಿಲು ಕಾಣುತ್ತಿತ್ತು.

ನಾಲ್ಕು ಕಾಳು ಎಂದೆ. ಇದನ್ನು ನೀವು ನೆನಪಿಡಿ. ನನಗೆ ನೆನಪಿತ್ತು, ಆದರೂ ಪಾಲಿಸಲಿಲ್ಲ.

ನಾನೂ ಸರ್ಕಾರಿ ಕಚೇರಿಯಲ್ಲಿಯೇ ಮೂವತ್ತು ವರ್ಷ ಕಳೆದೆ. ಕಡತ ಹೊಲಿಯುವುದರಲ್ಲಿ ನನಗೆ ಹೆಸರಿತ್ತು. ದಬ್ಬಣದಲ್ಲಿ ತೂತು ಹಾಕಿ, ದಾರ ಪೋಣಿಸಿ ನಾನು ಕಟ್ಟಿದ ಕಡತ ಎಂದೂ ಬಿಚ್ಚಿಕೊಳ್ಳುತ್ತಿರಲಿಲ್ಲ. ತೀರ್ಮಾನವೂ ಆಗುತ್ತಿರಲಿಲ್ಲ, ಆ ಮಾತು ಬೇರೆ. ನಿವೃತ್ತಿಯಾದ ಮೇಲೆ ಕೈ ಸುಮ್ಮನಿರದೆ ಹಳೆಯ ಬಟ್ಟೆಯಲ್ಲಿ ಕೈಚೀಲ ಹೊಲಿಯತೊಡಗಿದೆ. ನಮ್ಮ ಅಪಾರ್ಟ್‌ಮೆಂಟಿನವರು ಸಂಕ್ರಾಂತಿಗೆ ಅಂಗಡಿ ಹಾಕಿಸಿದಾಗ ನಾನೂ ಒಂದು ಮೇಜು ಹಿಡಿದೆ. ಪ್ರತಿ ಚೀಲಕ್ಕೂ ಕಾಗದದ ಒಂದು ಹೊದಿಕೆ ಮಾಡಿ, ಅದರ ಮೇಲೆ ಮರದ ಅಚ್ಚಿನಿಂದ ಮಾವಿನ ಎಲೆ ಒತ್ತಿ, ಕಿತ್ತಳೆ ಬಣ್ಣದ ಲಾಡಿ ಕಟ್ಟಿದ್ದೆ. ಸಂಜೆಯವರೆಗೆ ಬಹಳ ಮಂದಿ ಬಂದರು. ಹೊದಿಕೆಯನ್ನು ಬೇರೆಯಾಗಿ ಕೊಡುತ್ತೀರಾ ಎಂದು ಕೇಳಿದರು. ನಾನು ಕೊಟ್ಟೆ. ಚೀಲಗಳು ಡಬ್ಬಿಗಳ ಕೋಣೆಯಲ್ಲಿವೆ.

ಈಗ ಕೌದಿಗೆ ಬರುತ್ತೇನೆ. ಅವ್ವ ಎರಡೂವರೆ ವರ್ಷದ ಹಿಂದೆ ತೀರಿಕೊಂಡಳು. ಟ್ರಂಕು ನನ್ನ ಮನೆಗೆ ಬಂತು. ಒಳಗೆ ಒಂಬತ್ತು ಸೀರೆ, ನವಿಲಿನ ಡಬ್ಬಿ, ತಳದಲ್ಲಿ ಸಾಬೂನಿನ ಕಾಗದ. ಕೆಲವು ತಿಂಗಳ ಮೇಲೆ ವಿಮಲಾಳ ಸೊಸೆ ಸ್ವಪ್ನಾ ಬಸುರಿಯಾದಳು. ವಿಮಲಾ ಇರುವುದು ಮಿಯಾಪುರದಲ್ಲಿ, ಮಗ ಸೊಸೆಯ ಜೊತೆ, ಒಂದು ದೊಡ್ಡ ಅಪಾರ್ಟ್‌ಮೆಂಟಿನ ಹನ್ನೊಂದನೆಯ ಮಹಡಿಯಲ್ಲಿ. ನಮ್ಮಿಂದ ಮೆಟ್ರೋದಲ್ಲಿ ಮೂರನೆಯ ನಿಲ್ದಾಣ. ಹುಟ್ಟುವ ಕೂಸು ನಮ್ಮ ಎರಡೂ ಮನೆ ಸೇರಿ ಮೊದಲನೆಯ ಮೊಮ್ಮಗು. ಅವ್ವನ ಸೀರೆಗಳಲ್ಲಿ ಅದಕ್ಕೊಂದು ಕೌದಿ ಮಾಡಬೇಕೆಂದು ನನಗೆ ಹೊಳೆಯಿತು. ಫೋನಿನಲ್ಲಿ ಕೇಳಿದೆ.

"ವಿಮಲಾ, ಅವ್ವನ ಸೀರಿ ಕತ್ತರಿಸಿ ಕೂಸಿಗೆ ಕೌದಿ ಹೊಲೀಲೇನು?"

ಆ ಕಡೆ ಸ್ವಲ್ಪ ಹೊತ್ತು ಕುಕ್ಕರಿನ ಸದ್ದು ಮಾತ್ರ ಕೇಳಿಸಿತು.

"ನಿನಗ ತಿಳಿದಂಗ ಮಾಡು ಅಕ್ಕಾ. ನನ್ನ ಕೇಳಬ್ಯಾಡ."

ಇಷ್ಟು ವರ್ಷ ಕಡತ ನೋಡಿದವಳಿಗೆ ಈ ವಾಕ್ಯ ಅರ್ಥವಾಗಬೇಕಿತ್ತು. ಇದು ಒಪ್ಪಿಗೆಯಲ್ಲ, ನಿರಾಕರಣೆಯೂ ಅಲ್ಲ. ನಾಳೆ ಏನಾದರೂ ಎಡವಟ್ಟಾದರೆ ಜವಾಬ್ದಾರಿ ಯಾರದು ಎಂಬುದನ್ನು ಮಾತ್ರ ಸ್ಪಷ್ಟಪಡಿಸುವ ಟಿಪ್ಪಣಿ. ಆದರೂ ಕತ್ತರಿ ಎತ್ತಿಕೊಂಡೆ.

ಒಂಬತ್ತರಲ್ಲಿ ಒಂದು ಹಸಿರು ಇಳಕಲ್ ಸೀರೆ, ಕೆಂಪು ಸೆರಗಿನದು. ವಿಮಲಾಳಿಗೆ ಆರು ವರ್ಷವಿದ್ದಾಗ ಟೈಫಾಯಿಡ್ ಬಂದಿತ್ತು. ಅವ್ವ ಆ ಸೀರೆಯ ಸೆರಗು ಹೊದಿಸಿ, ಇಪ್ಪತ್ತು ದಿನ ಅವಳನ್ನು ತೊಡೆಯ ಮೇಲೆ ಹಾಕಿಕೊಂಡು ಕೂತಿದ್ದಳು. ಜ್ವರ ಬಿಟ್ಟ ಮೇಲೂ ವಿಮಲಾ ಆ ಸೆರಗು ಬಿಡಲಿಲ್ಲ, ಅದರ ತುದಿಯನ್ನು ಬಾಯಲ್ಲಿ ಕಚ್ಚಿಕೊಂಡೇ ಮಲಗುತ್ತಿದ್ದಳು. ನಾನು ಮೊದಲು ಅದನ್ನೇ ಕತ್ತರಿಸಿದೆ. ಕೊನೆಗೆ ಉಳಿಸಿಕೊಂಡರೆ ಕೈ ಬರುವುದಿಲ್ಲ ಎಂದು ಗೊತ್ತಿತ್ತು. ಕತ್ತರಿಸಿದ ಸೀರೆಯನ್ನು ತಿರುಗಿ ಸೀರೆ ಮಾಡಲು ಬರುವುದಿಲ್ಲ ಎಂಬ ಸಂಗತಿ ನನಗೆ ಅರ್ಧ ಸೀರೆ ಮುಗಿದ ಮೇಲೆ ಸರಿಯಾಗಿ ಮನಸ್ಸಿಗೆ ಇಳಿಯಿತು. ಕತ್ತರಿ ಕೆಳಗಿಟ್ಟು ಚಹಾ ಮಾಡಿ ಕುಡಿದೆ. ಆಮೇಲೆ ಉಳಿದರ್ಧ ಕತ್ತರಿಸಿದೆ.

ನಾಲ್ಕು ತಿಂಗಳು ಬೆಳಗಿನ ಹೊತ್ತು ಬಾಲ್ಕನಿಯಲ್ಲಿ ಕೂತು ಹೊಲಿದೆ. ನವಿಲಿನ ಡಬ್ಬಿಯಲ್ಲಿ ಅವ್ವನ ಕೊನೆಯ ನೇರಳೆ ರೀಲು ಇತ್ತು, ಆದರೆ ದಾರ ಹಳೆಯದಾಗಿ ಎಳೆದಲ್ಲಿ ತುಂಡಾಗುತ್ತಿತ್ತು. ಕೋಠಿಗೆ ಹೋಗಿ ಅದೇ ಬಣ್ಣ ಹುಡುಕಿ ತಂದೆ. ಈಗಲೂ ಅದನ್ನು ಯಾರೂ ಒಯ್ಯುವುದಿಲ್ಲವಂತೆ, ಬೇಕಾದಷ್ಟು ಇತ್ತು. ಸ್ವಪ್ನಾಳಿಗೆ ಹೆಣ್ಣು ಕೂಸು ಹುಟ್ಟಿದ ವಾರ ಕೌದಿ ಮುಗಿಯಿತು. ಮೂಲೆಯಲ್ಲಿ ಬಾಯಿ ಬಿಟ್ಟಿದ್ದೆ. ಜೋಳದ ಡಬ್ಬಿ ತೆಗೆದಾಗ, ಮೊದಲನೆಯ ಮೊಮ್ಮಗಳಿಗೆ ನಾಲ್ಕು ಕಾಳು ಹಾಕುವುದು ಜಿಪುಣತನವೆನಿಸಿತು. ಒಂದು ಹಿಡಿ ಹಾಕಿದೆ. ಬೆಲ್ಲವನ್ನೂ ಅದಕ್ಕೆ ತಕ್ಕ ಹಾಗೆ ಹಾಕಿದೆ. ಆ ಮೂಲೆ ಸ್ವಲ್ಪ ಉಬ್ಬಿಕೊಂಡಿತು, ಊಟವಾದ ಮೇಲೆ ನಮ್ಮ ಮನೆಯವರು ಕಾಣುವ ಹಾಗೆ.

ಇನ್ನು ಪೆಟ್ಟಿಗೆ. ಹೈದರಾಬಾದಿನಲ್ಲಿ ಈಗ ಮದುವೆಯ ಕರೆಯೋಲೆ ಲಕೋಟೆಯಲ್ಲಿ ಬರುವುದಿಲ್ಲ. ನನ್ನ ಜೊತೆ ಕೆಲಸ ಮಾಡಿದವರೊಬ್ಬರ ಮಗಳ ಮದುವೆಯ ಕರೆಯೋಲೆ ಹಾರ್ಮೋನಿಯಂ ಗಾತ್ರದ ಪೆಟ್ಟಿಗೆಯಲ್ಲಿ ಬಂದಿತ್ತು, ಗೋಡಂಬಿ ಬಾದಾಮಿ ಸಮೇತ. ಮದುವೆಗೆ ಹೋಗಲಾಗಲಿಲ್ಲ, ಪೆಟ್ಟಿಗೆಯನ್ನು ಮಾತ್ರ ಜೋಪಾನವಾಗಿ ಇಟ್ಟಿದ್ದೆ. ಅದಕ್ಕೆ ಅವ್ವನ ಸೀರೆಗಳ ಉಳಿದ ಅಂಚುಗಳನ್ನು ಅಂಟಿಸಿದೆ. ಮುಚ್ಚಳದಲ್ಲಿ ಚೌಕಾಕಾರದ ಕಿಟಕಿ ಕೊರೆದು ಪಾರದರ್ಶಕ ಹಾಳೆ ಕೂಡಿಸಿದೆ, ಒಳಗಿನ ಕೌದಿಯ ಒಂದು ಹಳದಿ ತುಂಡು ಕಾಣುವ ಹಾಗೆ. ಒಳಗೆ ಬೆಣ್ಣೆಕಾಗದ ಹಾಸಿ ಒಂದು ಹನಿ ಅತ್ತರು ಹಚ್ಚಿದೆ. ನಮ್ಮ ಮನೆಯವರು ಡಾಂಬರಿನ ಗುಳಿಗೆ ಹಾಕು ಎಂದರು. ಅತ್ತರಿನ ವಾಸನೆ ಕೆಡುತ್ತದೆ ಎಂದು ಹಾಕಲಿಲ್ಲ. ಮುಚ್ಚಳ ಅಂಟಿಸಿ ಲಾಡಿ ಕಟ್ಟಿದೆ.

ಪೊಟ್ಟಣಗಳ ಮೇಲಿನ ಬರಹವನ್ನು ಮೊದಲಿನಿಂದ ಕೊನೆಯವರೆಗೆ ಓದುವುದು ನನಗೆ ಚಿಕ್ಕಂದಿನಿಂದ ಇಷ್ಟ. ಹಾಗಾಗಿ ಇದಕ್ಕೂ ಒಂದು ಚೀಟಿ ಬರೆದು ಅಂಟಿಸಿದೆ. ಪದಾರ್ಥ: ಕೌದಿ. ತಯಾರಾದ ಸ್ಥಳ: ಕೂಕಟ್‌ಪಲ್ಲಿ. ಒಳಗಿರುವುದು: ಅವ್ವನ ಒಂಬತ್ತು ಸೀರೆ. ಕೊನೆಗೆ, ಎಲ್ಲ ಒಳ್ಳೆಯ ಪೊಟ್ಟಣಗಳ ಮೇಲೂ ಇರುವ ಹಾಗೆ, ತಂಪಾದ, ಒಣ ಜಾಗದಲ್ಲಿ ಇಡಿ.

ಬಿಚ್ಚಿ ಹೊದೆಯಿರಿ ಎಂದು ಬರೆದಿರಲಿಲ್ಲ.

ಕೂಸನ್ನು ತೊಟ್ಟಿಲಿಗೆ ಹಾಕಿದ ದಿನ ಅದನ್ನು ಕೊಟ್ಟೆ. ಬಂದವರೆಲ್ಲ ಪೆಟ್ಟಿಗೆಯನ್ನು ಕೈಯಿಂದ ಕೈಗೆ ದಾಟಿಸಿ ನೋಡಿದರು. ಸ್ವಪ್ನಾಳ ತಾಯಿ ಇದು ಯಾವ ಅಂಗಡಿಯದು ಎಂದು ತೆಲುಗಿನಲ್ಲಿ ಕೇಳಿದರು. ವಿಮಲಾ ಕನ್ನಡಕ ಹಾಕಿಕೊಂಡು ಚೀಟಿಯನ್ನು ಪೂರ್ತಿ ಓದಿದಳು, ಕಿಟಕಿಯ ಮೇಲೆ ಒಮ್ಮೆ ಕೈಯಾಡಿಸಿದಳು, ಹೋಗಿ ಶೋಕೇಸಿನ ಮೇಲಿನ ಅಡ್ಡಹಲಗೆಯಲ್ಲಿ ಇಟ್ಟು ಬಂದಳು. "ಆಮ್ಯಾಲೆ ನೋಡೂಣು" ಎಂದಳು.

ಆ ಆಮೇಲೆ ಹದಿನಾಲ್ಕು ತಿಂಗಳಾದರೂ ಬರಲಿಲ್ಲ.

ನಾನು ಮತ್ತು ವಿಮಲಾ ದಿನಾ ಬೆಳಿಗ್ಗೆ ಹತ್ತು ಗಂಟೆಗೆ ಫೋನಿನಲ್ಲಿ ಮಾತಾಡುತ್ತೇವೆ. ಲಿಫ್ಟು ಕೆಟ್ಟದ್ದು, ನೀರಿನ ಟ್ಯಾಂಕರು ಬಾರದ್ದು, ಕೂಸಿಗೆ ಹಲ್ಲು ಬಂದದ್ದು, ಕೆಲಸದವಳು ಬಾರದ್ದು. ಕೌದಿಯ ಮಾತು ಅವಳು ಎತ್ತಲಿಲ್ಲ, ನಾನೂ ಕೇಳಲಿಲ್ಲ. ಮಿಯಾಪುರಕ್ಕೆ ಹೋದಾಗಲೆಲ್ಲ ಪೆಟ್ಟಿಗೆ ಶೋಕೇಸಿನಲ್ಲಿ ಹಿತ್ತಾಳೆಯ ಕುದುರೆ ಮತ್ತು ಮದುವೆಯ ಫೋಟೋ ಇವೆರಡರ ನಡುವೆ, ಲಾಡಿಯ ಗಂಟು ಸಡಿಲಾಗದೆ, ಇಟ್ಟಲ್ಲೇ ಇರುತ್ತಿತ್ತು. ಕೂಸು ಕೆಳಗೆ ಅಂಗಡಿಯಿಂದ ತಂದ, ಕರಡಿಯ ಚಿತ್ರವಿದ್ದ ಚಾದರ ಹೊದ್ದು ಮಲಗಿರುತ್ತಿತ್ತು. ಆ ಕರಡಿಯನ್ನು ನಾನು ಇವತ್ತಿಗೂ ಕ್ಷಮಿಸಿಲ್ಲ.

ಯಾಕೆ ಕೇಳಲಿಲ್ಲ ಎಂದರೆ ಹೆದರಿಕೆ. ಹಸಿರು ಸೀರೆ ಕತ್ತರಿಸಿದ್ದಕ್ಕೆ ಅವಳಿಗೆ ಸಿಟ್ಟು ಬಂದಿದೆ, ಬಾಯಿಬಿಟ್ಟು ಹೇಳಲಾರದೆ ಹಾಗೆ ಮುಚ್ಚಿಟ್ಟಿದ್ದಾಳೆ ಎಂದು ನನ್ನ ಮನಸ್ಸಿನಲ್ಲಿ ಕೂತುಬಿಟ್ಟಿತ್ತು. ಅವ್ವ ಹೋದ ಮೇಲೆ ನನ್ನ ಬಾಲ್ಯಕ್ಕೆ ಸಾಕ್ಷಿ ಎಂದು ಉಳಿದವಳು ಅವಳೊಬ್ಬಳೇ. ಅವಳ ಮನಸ್ಸು ಮುರಿದರೆ ನನಗೆ ಬೇರೆ ಯಾರಿದ್ದಾರೆ? ಸುಳ್ಳು ಯಾಕೆ ಹೇಳಲಿ, ವಾಪಸು ಬರುವಾಗ ಮೆಟ್ರೋದಲ್ಲಿ ಎರಡು ಸಲ ಅತ್ತಿದ್ದೇನೆ. ಮೂರೇ ನಿಲ್ದಾಣ, ಸರಿಯಾಗಿ ಅಳುವುದಕ್ಕೂ ಸಮಯ ಸಾಲುವುದಿಲ್ಲ.

ಕಳೆದ ತಿಂಗಳು ಹತ್ತು ಗಂಟೆಯ ಫೋನಿನಲ್ಲಿ ಹೊಸ ವಿಷಯ ಬಂತು. ವಿಮಲಾಳ ಮನೆಯಲ್ಲಿ ಹುಳ. ಎಳ್ಳಿಗಿಂತ ಸ್ವಲ್ಪ ದೊಡ್ಡವು, ಕಂದು ಬಣ್ಣದವು, ಗೋಡೆಯ ಮೇಲೆ ಸಾಲು ಬಿಟ್ಟು ಒಂಟೊಂಟಿಯಾಗಿ ನಡೆಯುವಂಥವು.

"ರವಾದಾಗ ಆಗ್ಯಾವು ಅನಸ್ತೈತಿ" ಎಂದಳು ಮೊದಲ ದಿನ. ರವೆ ಚೆಲ್ಲಿದಳು. ಹುಳ ಬಂದವು. ಜೋಳದ ಹಿಟ್ಟು ಚೆಲ್ಲಿದಳು. ಆಮೇಲೆ ಜೋಳ, ಗೋಧಿ, ಕಡಲೆಬೇಳೆ. ಹನ್ನೊಂದನೆಯ ಮಹಡಿಯ ಬಾಲ್ಕನಿಯಲ್ಲಿ ಡಬ್ಬಿಗಳನ್ನೆಲ್ಲ ತೊಳೆದು ಬಿಸಿಲಿಗೆ ಬೋರಲು ಹಾಕಿದಳು. ಕೊನೆಗೆ ಸಂಶಯ ಸ್ವಪ್ನಾಳ ತವರಿನಿಂದ, ವರಂಗಲ್ಲಿನ ಹತ್ತಿರದ ಊರಿನಿಂದ ಬಂದ ಅಕ್ಕಿಯ ಮೂಟೆಯ ಮೇಲೆ ಹೋಯಿತು. ಆ ಮೂಟೆಯೂ ಹೋಯಿತು. ಸ್ವಪ್ನಾ ಎರಡು ದಿನ ಅತ್ತೆಯ ಜೊತೆ ಮಾತು ಬಿಟ್ಟಳು. ಮನೆಯಲ್ಲಿ ಕಾಳುಕಡಿ ಎಂಬುದು ಏನೂ ಉಳಿಯದೆ, ಊಟಕ್ಕೆ ಹೊರಗಿನಿಂದ ತರಿಸತೊಡಗಿದರು.

ಮೂರು ವಾರ ನಾನು ಪ್ರತಿ ಬೆಳಿಗ್ಗೆ ಸಲಹೆ ಕೊಟ್ಟೆ. ಬೇವಿನ ಎಲೆ ಹಾಕು, ಲವಂಗ ಹಾಕು, ಒಣಮೆಣಸಿನಕಾಯಿ ಹಾಕು. ಹುಳ ಎಲ್ಲಿಂದ ಬರುತ್ತಿವೆ ಎಂಬುದೊಂದನ್ನು ಬಿಟ್ಟು ಉಳಿದೆಲ್ಲದರ ಬಗ್ಗೆಯೂ ನನಗೆ ಖಚಿತ ಅಭಿಪ್ರಾಯವಿತ್ತು.

ಕೊನೆಗೆ ಹುಳಕ್ಕೆ ಔಷಧಿ ಹೊಡೆಯುವವನೊಬ್ಬನನ್ನು ಕರೆಸಿದರು. ಅವನು ಅಡಿಗೆಮನೆಗೆ ಹೋಗಿ ಎರಡೇ ನಿಮಿಷದಲ್ಲಿ ಹೊರಗೆ ಬಂದ. ಗೋಡೆಯ ಮೇಲಿನ ಒಂದು ಹುಳ ಬಂದ ದಾರಿ ಹಿಡಿದು ನಡೆದು ಶೋಕೇಸಿನ ಎದುರಿಗೆ ನಿಂತ. "ಅಮ್ಮಾ, ಕಿಚನ್ ಮೆ ಕುಚ್ ನೈ. ಜೋ ಭೀ ಹೈ, ಯೆ ಡಬ್ಬೆ ಮೆ ಹೈ" ಎಂದ. ಅಡಿಗೆಮನೆಯಲ್ಲಿ ಏನೂ ಇಲ್ಲ, ಇರುವುದೆಲ್ಲ ಈ ಡಬ್ಬಿಯಲ್ಲಿ ಎಂದು. ಒಂದು ಕ್ಷಣ ಬಿಟ್ಟು, ಡಬ್ಬಾ ಚೆನ್ನಾಗಿದೆ ಎಂದೂ ಹೇಳಿದನಂತೆ.

ಫೋನು ಬಂದಾಗ ಹತ್ತು ಗಂಟೆಯಾಗಿರಲಿಲ್ಲ. ಅದರಿಂದಲೇ ನನಗೆ ಗಾಬರಿಯಾಯಿತು.

"ಅಕ್ಕಾ, ಕೌದಿ ಹೊಟ್ಟ್ಯಾಗ ಏನ ಹಾಕೀದಿ?"

"ಜ್ವಾಳ. ಮತ್ತ ಬೆಲ್ಲ."

"ಜ್ವಾಳ ಎಷ್ಟ?"

ನಾನು ಜೋಳದ ಡಬ್ಬಿಯ ಕಡೆ ನೋಡಿದೆ.

"ಅಕ್ಕಾ, ಎಷ್ಟ ಹಾಕೀದಿ?"

"ಒಂದ ಹಿಡಿ."

ಆ ಕಡೆ ಈ ಸಲ ಕುಕ್ಕರಿನ ಸದ್ದೂ ಇರಲಿಲ್ಲ, ಅದರಲ್ಲಿ ಹಾಕಲು ಏನೂ ಉಳಿದಿರಲಿಲ್ಲವಲ್ಲ. "ನಾ ಅದನ್ನ ಮುಟ್ಟೂದಿಲ್ಲ. ನೀನ ಬಂದು ಬಿಚ್ಚು" ಎಂದಳು.

ನವಿಲಿನ ಡಬ್ಬಿಯಲ್ಲಿ ನೇರಳೆ ರೀಲು, ಮನೆಯಲ್ಲಿದ್ದ ಒಂದೇ ಸೂಜಿ, ಬೆರಳಿಗೆ ಹಾಕುವ ಅಂಗುಸ್ತಾನ ಇಟ್ಟುಕೊಂಡು ಹೊರಟೆ. ಆ ದಿನ ಮೂರು ನಿಲ್ದಾಣ ಬಹಳ ಉದ್ದವಾದವು.

ಬಾಲ್ಕನಿಯಲ್ಲಿ ಹಳೆಯ ಪೇಪರು ಹಾಸಿ ಪೆಟ್ಟಿಗೆ ಇಟ್ಟಿದ್ದರು. ಸ್ವಪ್ನಾ ಕೂಸನ್ನು ಕಂಕುಳಲ್ಲಿ ಎತ್ತಿಕೊಂಡು ಬಾಗಿಲಿನಾಚೆ ನಿಂತಿದ್ದಳು. "ಅತ್ತಯ್ಯಾ, ಜಾಗ್ರತ್ತ" ಎಂದಳು ನನಗೆ, ಒಳಗಿನಿಂದ ಹಾವು ಬರುತ್ತದೆಯೇನೋ ಎನ್ನುವ ಹಾಗೆ. ನಾನು ಕೂತು ಲಾಡಿಯ ಗಂಟಿಗೆ ಕೈ ಹಾಕಿದೆ. ಹುಳಗಳು ನನ್ನ ಮಣಿಕಟ್ಟಿನ ಮೇಲೆ ಹತ್ತಿದವು. ಮುಚ್ಚಳದ ಅಂಚಿನಲ್ಲಿ ಅಂಟು ಹಿಡಿದಿತ್ತು, ಉಗುರು ಹಾಕಿ ಎಳೆಯಲು ಹೋದೆ.

"ಹರೀಬ್ಯಾಡ" ಎಂದಳು ವಿಮಲಾ.

ತನ್ನ ತಲೆಯಿಂದ ಪಿನ್ನು ತೆಗೆದು ಕೊಟ್ಟಳು. ನಾನು ಅಂಟಿನ ಕೆಳಗೆ ಪಿನ್ನು ತೂರಿಸಿ ನಿಧಾನವಾಗಿ ಬಿಡಿಸಿದೆ. ಅವಳು ನನ್ನ ಎದುರಿಗೆ ಕುಕ್ಕರಗಾಲಿನಲ್ಲಿ ಕೂತಳು, ಮಂಡಿ ನೋವಿದೆ ಎಂದು ಎರಡು ವರ್ಷದಿಂದ ಹಾಗೆ ಕೂರುವುದನ್ನು ಬಿಟ್ಟವಳು.

ಬೆಣ್ಣೆಕಾಗದದ ಮೇಲೆ ಜೋಳದ ಪುಡಿ ಬಿದ್ದಿತ್ತು. ಕೌದಿಯ ಮೂಲೆಯ ಉಬ್ಬು ಪೂರ್ತಿ ಇಳಿದುಹೋಗಿತ್ತು. ಅಲ್ಲಿ ಸೂಜಿಯ ಮೊನೆಯಷ್ಟು ಎಂಟು ಹತ್ತು ತೂತು. ಉಳಿದ ಕೌದಿಗೆ ಏನೂ ಆಗಿರಲಿಲ್ಲ. ಇಬ್ಬರೂ ಎರಡು ತುದಿ ಹಿಡಿದು ಜಾಡಿಸಿದೆವು, ಕಟಾಂಜನದ ಮೇಲೆ ಬಿಸಿಲಿಗೆ ಹರವಿದೆವು. ಹರವಿದ ಮೇಲೆ ವಿಮಲಾ ತುಂಡುಗಳ ಮೇಲೆ ಬೆರಳು ಇಡುತ್ತ ಹೋದಳು. ಹಳದಿ, ಅವ್ವನ ದಿನದ ಸೀರೆ. ಚೌಕಡಿಯದು, ಅಪ್ಪ ತಂದದ್ದು.

"ಹಸರ ಇಳಕಲ್ ಎಲ್ಲೈತಿ?"

ನಡುವೆ ತೋರಿಸಿದೆ. ಅಂಗೈ ಅಗಲದ ನಾಲ್ಕು ತುಂಡು, ನಡುವೆ ಕೆಂಪು ಸೆರಗಿನ ಒಂದು ಚೌಕ. ಅವಳು ಅದರ ಮೇಲೆ ಕೈ ಇಟ್ಟಳು, ಬಹಳ ಹೊತ್ತು ತೆಗೆಯಲಿಲ್ಲ.

"ಇಷ್ಟ ಸಣ್ಣದ ಯಾಕ ಕತ್ತರಿಸೀದಿ? ಸೆರಗರ ದೊಡ್ಡದ ಇಡಬೇಕಿತ್ತಲ್ಲ."

ಮೂವತ್ತು ವರ್ಷದ ಅನುಭವದಿಂದ ಹೇಳುತ್ತೇನೆ. ಅಳತೆಯ ಬಗ್ಗೆ ಆಕ್ಷೇಪಣೆ ಬಂತೆಂದರೆ ಕಡತ ಮಂಜೂರಾಯಿತೆಂದೇ ಅರ್ಥ. ನನಗೆ ಅಳು ಬಂತು. ಬಿಸಿಲು ಕಣ್ಣಿಗೆ ಹೊಡೆಯುತ್ತಿದೆ ಎಂದು ಹೇಳಿ ಮುಖ ಒರೆಸಿಕೊಂಡೆ.

"ಸಿಟ್ಟಾಗೀದಿ ಅನಕೊಂಡಿದ್ದೆ" ಎಂದೆ.

"ಯಾಕ?"

"ಬಿಚ್ಚಲೇ ಇಲ್ಲಲ್ಲ ನೀ."

"ಬಿಚ್ಚಿದ್ರ ಮುಗೀತಿತ್ತಲ್ಲ ಅಕ್ಕಾ" ಎಂದಳು ವಿಮಲಾ. "ಅವ್ವಂದು ಅಂತ ಬಿಚ್ಚಾಕ ಇನ್ನೊಂದು ಏನೂ ಉಳೀತಿರಲಿಲ್ಲ. ಅದಕ್ಕ ಇಟ್ಟಿದ್ದೆ. ದಿನಾ ಕಿಟಕ್ಯಾಗ ನೋಡತಿದ್ದೆ." ಆಮೇಲೆ ಚೀಟಿಯ ಕಡೆ ಬೆರಳು ತೋರಿಸಿದಳು. "ಅಲ್ಲದ ನೀನ ಬರದೀದಿ, ಒಣ ಜಾಗದಾಗ ಇಡ್ರಿ ಅಂತ. ಇಟ್ಟೆ."

ನಾನು ನವಿಲಿನ ಡಬ್ಬಿ ತೆರೆದು ಸೂಜಿ ತೆಗೆದೆ.

ಮೂಲೆ ಬಿಚ್ಚಿ ಪುಡಿ ಕೊಡವಿದೆ, ತೂತುಗಳ ಮೇಲೆ ಒಂದು ತುಂಡು ಇಟ್ಟು ಹೊಲಿದೆ. ಆದರೆ ಹೊಟ್ಟೆ ಖಾಲಿಯಾಯಿತಲ್ಲ. ಹಸಿದ ಕೌದಿಯನ್ನು ಹೊದಿಸುವ ಹಾಗಿಲ್ಲ. ಜೋಳ ತಾ ಎಂದೆ. ಜೋಳ ಇಲ್ಲ. ಅಕ್ಕಿ? ಇಲ್ಲ. ಗೋಧಿ, ಬೇಳೆ, ಅವಲಕ್ಕಿ, ಯಾವುದೂ ಇಲ್ಲ. ಆ ಮನೆಯಲ್ಲಿ ಆ ದಿನ ತಿನ್ನುವಂಥದ್ದು ಎಂದು ಇದ್ದದ್ದು ಕೂಸಿನ ಕೈಯಲ್ಲಿದ್ದ ಅರ್ಧ ಬಿಸ್ಕತ್ತು. ಕೆಳಗೆ ಬಿಟ್ಟಿದ್ದ ಕೂಸು ಅಷ್ಟರಲ್ಲಿ ತೆವಳುತ್ತ ಬಂದು ಕೌದಿಯ ಬಾಯಿಯೊಳಗೆ ಬೆರಳು ಹಾಕಿ ನೋಡಿತು, ನಮ್ಮಿಬ್ಬರ ಮುಖ ನೋಡಿತು, ಬಿಸ್ಕತ್ತನ್ನು ಒಳಗೆ ತುರುಕಿತು.

"ಅಯ್ಯೋ, ಚೀಮಲು ವಸ್ತಾಯಿ" ಎಂದಳು ಸ್ವಪ್ನಾ. ಇರುವೆ ಬರುತ್ತವೆ ಎಂದು.

"ಬರ್ಲಿ ಬಿಡು" ಎಂದಳು ವಿಮಲಾ. ಸೂಜಿಗೆ ತಾನೇ ದಾರ ಪೋಣಿಸಿದಳು, ಬಾಯನ್ನೂ ತಾನೇ ಹೊಲಿದಳು. ಅವಳಿಗೆ ಹೊಲಿಗೆ ಬರುವುದಿಲ್ಲ. ಕೋಠಿಯಲ್ಲಿ ದಾರ ಕೊಳ್ಳುವ ತನಕ ಬರುತ್ತಿದ್ದಳು, ಹೊಲಿಯುವಾಗ ಆಡಲು ಓಡುತ್ತಿದ್ದಳು. ಐದು ಹೊಲಿಗೆ ಹಾಕಿದಳು, ಒಂದು ಬೀದರಿಗೆ, ಒಂದು ವರಂಗಲ್ಲಿಗೆ ಎನ್ನುವ ಹಾಗೆ. ಐದನೆಯದಕ್ಕೆ ಸೂಜಿ ಮುರಿಯಿತು. ಮಧ್ಯಾಹ್ನ ಕೂಸು ಅದನ್ನು ಹೊದ್ದು ಮಲಗಿತು, ಕೆಂಪು ಸೆರಗಿನ ಚೌಕದ ತುದಿ ಬಾಯಲ್ಲಿಟ್ಟುಕೊಂಡು. ಇದನ್ನು ಅದಕ್ಕೆ ಯಾರೂ ಹೇಳಿಕೊಟ್ಟಿರಲಿಲ್ಲ. ವಿಮಲಾ ನೋಡಿದಳು, ನಾನು ನೋಡಿದೆ. ಕರಡಿಯ ಚಾದರ ನೆಲ ಒರೆಸಲು ಹೋಯಿತು.

ಹೊರಡುವಾಗ ಪೆಟ್ಟಿಗೆಗೆ ಕೈ ಹಾಕಿದೆ. ವಿಮಲಾ ಅದನ್ನು ಆಗಲೇ ಒರೆಸಿ ಬಿಸಿಲಿಗಿಟ್ಟು ಶೋಕೇಸಿಗೆ ಸೇರಿಸಿದ್ದಳು. "ಅದು ಇಲ್ಲೇ ಇರ್ಲಿ" ಎಂದಳು. ನನಗೆ ಸ್ವಲ್ಪ ಹೊಟ್ಟೆ ಉರಿಯಿತು.

ಮುರಿದ ಸೂಜಿಯ ಬದಲಿಗೆ ತರಿಸಿದ್ದೇ ಈ ನೀಲಿ ಹಕ್ಕಿಯ ಪೆಟ್ಟಿಗೆ. ಮೊನ್ನೆಯಿಂದ ಕಪಾಟಿನಲ್ಲಿತ್ತು. ಇವತ್ತು ಇದನ್ನು ಬರೆಯುತ್ತ ಕೂತಿದ್ದಾಗ ಹತ್ತು ಗಂಟೆಗೆ ಫೋನು ಬಂತು.

"ಅಕ್ಕಾ, ಕೌದಿಗೆ ಇರಿವಿ ಹತ್ಯಾವು" ಎಂದಳು ವಿಮಲಾ. "ಕೂಸು ಅದನ್ನ ಬಿಟ್ಟು ಮಲಗವಲ್ದು. ಲಗೂನ ಬಾ."

ಎದ್ದು ಚಪ್ಪಲಿ ಮೆಟ್ಟಿದೆ. ಜೋಳದ ಡಬ್ಬಿಯಿಂದ ನಾಲ್ಕು ಕಾಳು ಎಣಿಸಿ ಸೆರಗಿಗೆ ಕಟ್ಟಿಕೊಂಡೆ. ಕಪಾಟಿನಿಂದ ಹಕ್ಕಿಯ ಪೆಟ್ಟಿಗೆ ತೆಗೆದು, ಪಿನ್ನು ಎಲ್ಲಿ ಎಂದು ತಲೆಯಲ್ಲಿ ತಡಕಾಡಿದೆ. ಪಿನ್ನು ಇದ್ದದ್ದು ಮಿಯಾಪುರದಲ್ಲಿ, ವಿಮಲಾಳ ತಲೆಯಲ್ಲಿ. ಆಮೇಲೆ ಹೆಬ್ಬೆರಳು ಹಾಕಿ ಪಟ್ಟಿಯನ್ನು ಒಂದೇ ಸಲ ಹರಿದೆ.